ಲೂನಾ ಪಾರ್ಕಿಗೆ ಚಾವಣಿಯಿದೆ

ಪ್ರಿಯ ಲೇಖಕರೇ,

ನಿಮ್ಮ ‘ಬ್ಯೂನಸ್ ಐರಿಸ್‌ನ ಅಮರ ರಾತ್ರಿ’ ಓದಿದೆ. 1950ರ ನವೆಂಬರ್ 3ರಂದು, ಪುರುಷರ ಮೊದಲ ವಿಶ್ವ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ನ ನಿರ್ಣಾಯಕ ಪಂದ್ಯದಲ್ಲಿ ಅರ್ಜೆಂಟೀನ ಅಮೆರಿಕವನ್ನು 64–50ರಿಂದ ಸೋಲಿಸಿದ ಕಥೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಾಗೆಂದು ಎರಡು ಸಾಲಿನ ವಿಷಾದ ಬರೆದು ಹಿಂದಿರುಗಿಸಲು ಮನಸ್ಸು ಬರಲಿಲ್ಲ. ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಕನ್ನಡದಲ್ಲಿ ಬರೆದು ಕಳುಹಿಸುವವರು ನನ್ನ ಮೇಜಿಗೆ ತಿಂಗಳಿಗೊಬ್ಬರು ಬಂದರೆ ಹೆಚ್ಚು.

ಮೊದಲ ಪುಟದಿಂದ ಶುರುಮಾಡೋಣ. ಅಲ್ಲಿ ಮೆಸ್ಸಿ ಇದ್ದಾರೆ, ಮರಡೋನಾ ಇದ್ದಾರೆ, ಟ್ಯಾಂಗೊ ಕುಣಿತವಿದೆ, ಬ್ಯಾಸ್ಕೆಟ್‌ಬಾಲ್ ಇಲ್ಲ. ಈ ಪಂದ್ಯ ನಡೆದಾಗ ಮರಡೋನಾ ಹುಟ್ಟಲು ಇನ್ನೂ ಹತ್ತು ವರ್ಷವಿತ್ತು. ಯಕ್ಷಗಾನಕ್ಕೆ ಗಣಪತಿ ಸ್ತುತಿ ಬೇಕು, ಲೇಖನಕ್ಕೆ ಬೇಡ. ಆ ಪುಟವನ್ನು ಪೂರ್ತಿ ಹೊಡೆದುಹಾಕಿ.

ಎರಡನೆಯ ಪುಟದಲ್ಲಿ, “ಪ್ರೇಕ್ಷಕರ ಹರ್ಷೋದ್ಗಾರ ಮುಗಿಲು ಮುಟ್ಟಿತ್ತು” ಎಂದಿದ್ದೀರಿ. ಲೂನಾ ಪಾರ್ಕಿಗೆ ಚಾವಣಿಯಿದೆ. ಪಂದ್ಯ ನಡೆದದ್ದು ಅಲ್ಲೇ; ಅದು ಬಾಕ್ಸಿಂಗ್‌ಗೆ ಹೆಸರಾದ ಒಳಾಂಗಣ ಕ್ರೀಡಾಂಗಣ. ಅಲ್ಲಿ ಕೂಗು ಮುಗಿಲಿಗೆ ಹೋಗಲು ದಾರಿಯಿಲ್ಲದೆ ತಿರುಗಿ ಆಟಗಾರರ ಮೇಲೆಯೇ ಬೀಳಬೇಕು. ಎದುರಾಳಿಯ ಕಿವಿಗೆ ಅದು ಹೇಗಿದ್ದೀತು ಎಂದು ಒಂದು ಕ್ಷಣ ಯೋಚಿಸಿದ್ದರೆ ನಿಮಗೆ ಒಳ್ಳೆಯ ಸಾಲು ಸಿಗುತ್ತಿತ್ತು. ಸಿದ್ಧ ನುಡಿಗಟ್ಟು ಕೈಗೆ ಸಿಕ್ಕಿತು, ಯೋಚನೆ ಅಲ್ಲಿಗೇ ನಿಂತಿತು.

ತಪ್ಪುಗಳೂ ಇವೆ. ಅರ್ಜೆಂಟೀನದ ಓಸ್ಕರ್ ಫರ್ಲಾಂಗ್ “ಮೂರು ಅಂಕಗಳ ಅದ್ಭುತ ಎಸೆತ” ಹಾಕಿದರೆಂದು ಬರೆದಿದ್ದೀರಿ. ಅಂತರರಾಷ್ಟ್ರೀಯ ಆಟಕ್ಕೆ ಮೂರು ಅಂಕದ ಗೆರೆ ಬಂದದ್ದು 1984ರಲ್ಲಿ. ಅವರು ಅಂದು ಗಳಿಸಿದ 20 ಅಂಕಗಳೇ ಸಾಕಷ್ಟು ದೊಡ್ಡವು, ಕೈಯಿಂದ ಸೇರಿಸಬೇಡಿ. ಇನ್ನು “ಕೊನೆಯ ಕ್ಷಣದವರೆಗೂ ತೂಗುಯ್ಯಾಲೆ” ಎಂಬ ಮಾತು. ಹದಿನಾಲ್ಕು ಅಂಕಗಳ ಅಂತರದಲ್ಲಿ ಎಲ್ಲಿಯ ಉಯ್ಯಾಲೆ? ಮೂವತ್ತು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮ ಬಂದದ್ದು 1956ರಲ್ಲಿ. ಅದಕ್ಕೆ ಮೊದಲು, ಮುಂದಿರುವ ತಂಡ ಚೆಂಡನ್ನು ತನ್ನವರೊಳಗೇ ದಾಟಿಸಿಕೊಂಡು ಹೊತ್ತು ಕಳೆಯಬಹುದಿತ್ತು. ಅದೇ ಕೂಟದಲ್ಲಿ ಅರ್ಜೆಂಟೀನ ಬ್ರೆಜಿಲ್ ವಿರುದ್ಧ ಗೆದ್ದದ್ದು 40–35ರಿಂದ. ಇಷ್ಟು ಹೇಳಿದರೆ 64 ಎಂಬ ಸಂಖ್ಯೆಯ ತೂಕ ಓದುಗನಿಗೆ ತಾನಾಗಿ ಗೊತ್ತಾಗುತ್ತದೆ. “ಅದ್ಭುತ”ವನ್ನು ಹನ್ನೊಂದು ಸಲ ಬಳಸಬೇಕಾಗುವುದಿಲ್ಲ. ಹೌದು, ಎಣಿಸಿದೆ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿದ ಜಾಗ. ಪಂದ್ಯ ಮುಗಿದ ಮೇಲೆ “ಜನ ಬೀದಿಗಿಳಿದು ವಿಜಯೋತ್ಸವ ಆಚರಿಸಿದರು” ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಆ ಜನ ಪತ್ರಿಕೆಗಳನ್ನು ಸುರುಳಿ ಸುತ್ತಿ, ಬೆಂಕಿ ಹಚ್ಚಿ, ಪಂಜಿನಂತೆ ಎತ್ತಿ ಹಿಡಿದು ಕೊರಿಯೆಂಟೆಸ್ ಬೀದಿಯುದ್ದಕ್ಕೂ ನಡೆದರು. ಅರ್ಜೆಂಟೀನದಲ್ಲಿ ಆ ರಾತ್ರಿಗೆ ಇಂದಿಗೂ ಪಂಜುಗಳ ರಾತ್ರಿ ಎಂದೇ ಹೆಸರು. ನಮ್ಮ ಮನೆಯ ಬಚ್ಚಲೊಲೆಗೆ ದಿನವೂ ಹಳೆಯ ಪತ್ರಿಕೆ ಸುತ್ತಿ ಬೆಂಕಿ ಮಾಡಿದವನು ನಾನು. ಸುರುಳಿ ಸಡಿಲವಾದರೆ ಭುಗ್ಗೆಂದು ಒಮ್ಮೆಲೇ ಉರಿದುಹೋಗುತ್ತದೆ, ಬಿಗಿಯಾದರೆ ಹೊಗೆ ಮಾತ್ರ. ಹೇಗೆ ಸುತ್ತಿದರೂ ಬೆರಳು ಬಿಸಿಯಾಗುವ ಮೊದಲು ಇನ್ನೊಂದಕ್ಕೆ ಹಚ್ಚಿಕೊಳ್ಳಬೇಕು. ಒಂದು ಬೀದಿ ಪೂರ್ತಿ ನಡೆಯಲು ಎಷ್ಟು ಪತ್ರಿಕೆ ಬೇಕಾದೀತು? ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು. (ಪತ್ರಿಕೆಯವನಾಗಿ ಹೇಳುತ್ತೇನೆ: ನಾವು ಅಚ್ಚು ಹಾಕಿದ್ದಕ್ಕೆ ಅಷ್ಟು ಒಳ್ಳೆಯ ಗತಿ ಅಪರೂಪ.)

ಇನ್ನೊಂದು ಸಂಗತಿ ನಿಮ್ಮ ಒಂಬತ್ತನೆಯ ಪುಟದಲ್ಲಿ ಅಡಿಟಿಪ್ಪಣಿಯಂತೆ ಮುದುಡಿ ಕೂತಿದೆ. ಅಂದಿನ ಅಧ್ಯಕ್ಷ ಪೆರೋನ್‌ರ ಸರ್ಕಾರ ಗೆದ್ದ ಆಟಗಾರರಿಗೆ ತಲಾ ಒಂದು ಕಾರು ಆಮದು ಮಾಡಿಕೊಳ್ಳುವ ಪರವಾನಗಿ ಕೊಟ್ಟಿತು. 1955ರಲ್ಲಿ ಸೇನೆ ಪೆರೋನ್‌ರನ್ನು ಕೆಳಗಿಳಿಸಿತು. 1957ರಲ್ಲಿ, ಇವರು ಹಣಕ್ಕಾಗಿ ಆಡಿದವರು, ಹವ್ಯಾಸಿಗಳಲ್ಲ ಎಂಬ ಆರೋಪ ಹೊರಿಸಿ ಈ ಆಟಗಾರರನ್ನು ನಿಷೇಧಿಸಲಾಯಿತು. ಆ ಪರವಾನಗಿಯೇ ಅದಕ್ಕೆ ಪುರಾವೆಯಾಯಿತು. ಫರ್ಲಾಂಗ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ನಾಯಕ ರಿಕಾರ್ಡೊ ಗೊನ್ಸಾಲೆಸ್ ಆಗಷ್ಟೇ ದಾಟಿದ್ದರು.

ಈಗ ಎದುರಾಳಿಯನ್ನು ನೋಡಿ. ನೀವು ಬರೀ “ಬಲಾಢ್ಯ ಅಮೆರಿಕ” ಎಂದು ಬರೆದು ಸುಮ್ಮನಾಗಿದ್ದೀರಿ. ಅಮೆರಿಕದ ಪರವಾಗಿ ಬಂದಿದ್ದ ತಂಡದ ಹೆಸರು ಡೆನ್ವರ್ ಷೆವ್ರೊಲೆಟ್ಸ್. ಕಾರಿನ ಹೆಸರು! ಅಮೆರಿಕದಲ್ಲಿ ಆಗ ಕಂಪನಿಗಳ ಹೆಸರಿನ ತಂಡಗಳಲ್ಲಿ, ಅಲ್ಲೇ ನೌಕರಿಯಲ್ಲಿದ್ದು ಆಡುತ್ತಿದ್ದವರನ್ನೂ ಹವ್ಯಾಸಿಗಳೆಂದೇ ಲೆಕ್ಕ ಹಾಕುತ್ತಿದ್ದರು. ಕಾರಿನ ಹೆಸರು ಹೊತ್ತು ಆಡಿ ಸೋತವರು ಹವ್ಯಾಸಿಗಳಾಗಿಯೇ ಉಳಿದರು; ಅವರನ್ನು ಸೋಲಿಸಿದವರು ಕಾರಿನ ದೆಸೆಯಿಂದ ಆಟವನ್ನೇ ಕಳೆದುಕೊಂಡರು. ಈ ಎರಡೂ ಮಾಹಿತಿ ನಿಮ್ಮ ಹಸ್ತಪ್ರತಿಯಲ್ಲೇ ಇವೆ, ಷೆವ್ರೊಲೆಟ್ಸ್ ಹೆಸರು ನಾಲ್ಕನೆಯ ಪುಟದ ಪಟ್ಟಿಯಲ್ಲಿ, ಪರವಾನಗಿ ಒಂಬತ್ತನೆಯದರಲ್ಲಿ. ಅವೆರಡನ್ನು ನೀವು ಅಕ್ಕಪಕ್ಕ ಇಟ್ಟು ನೋಡಲೇ ಇಲ್ಲ.

ತರಬೇತುದಾರ ಹೋರ್ಹೆ ಕನವೆಸಿ ಬಗೆಗಿನ ಅರ್ಧ ಪುಟ ಚೆನ್ನಾಗಿದೆ, ಹಾಗೇ ಇರಲಿ. ವಿಶ್ವ ಚಾಂಪಿಯನ್ ತಂಡವನ್ನು ಕಟ್ಟಿದಾಗ ಅವರಿಗೆ ಮೂವತ್ತೇ ವರ್ಷ ಎಂದು ನೀವು ಬೆರಗುಪಡದೆ ಬರೆದಿದ್ದೀರಿ. ಇಡೀ ಲೇಖನದಲ್ಲಿ ಅಲ್ಲೊಂದು ಕಡೆ ನೀವು ಕಿರುಚಿಲ್ಲ, ಅಲ್ಲೇ ನನಗೆ ನಿಮ್ಮ ದನಿ ಕೇಳಿಸಿದ್ದು. 2004ರ ಅಥೆನ್ಸ್ ಒಲಿಂಪಿಕ್ಸ್ ಚಿನ್ನದವರೆಗೆ ಓಡುವ ಉಪಸಂಹಾರ ಬೇಡ. ಅದು ಬೇರೆಯೇ ಕಥೆ.

ಹತ್ತು ಪುಟವನ್ನು ನಾಲ್ಕಕ್ಕೆ ಇಳಿಸಿ ಮುಂದಿನ ತಿಂಗಳ ಹದಿನೈದರೊಳಗೆ ಕಳುಹಿಸಿ, ಮತ್ತೆ ಓದುತ್ತೇನೆ. ಹಾಂ, ಫರ್ಲಾಂಗ್ ಹೆಸರನ್ನು ಮೂರು ರೀತಿ ಬರೆದಿದ್ದೀರಿ; ಒಂದಕ್ಕೆ ಕಟ್ಟುಬೀಳಿ. ಆರನೆಯ ಪುಟದಲ್ಲಿ “ಎರಡು ಫರ್ಲಾಂಗು ದೂರದಲ್ಲಿ ಫರ್ಲಾಂಗು ನಿಂತಿದ್ದರು” ಎಂದಾಗಿದೆ. ನಮ್ಮ ಕರಡು ತಿದ್ದುವವರು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಾರೆ.

ವಿಶ್ವಾಸದಿಂದ,
ಸಂಪಾದಕ