ಎರಡೂ ಎಕರೆಗೆ ಡ್ರಿಪ್ ಹಾಕುವ ಮೊದಲು ಒಂದು ಡ್ರಮ್ ತುಂಬಿಸಿ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಕೆಲಸ, ಕೋಲಾರದ ಕಡೆ ಎರಡು ಎಕರೆ ಜಮೀನು, ಹಳೇ ಬೋರ್‌ನಲ್ಲಿ ಸ್ವಲ್ಪ ನೀರಿದೆ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕಡೆಯ ಕೆರೆಗಳಿಗೆ ಬಿಡುವ ಯೋಜನೆಯದು) ಬಂದ ಮೇಲೆ ಅಂತರ್ಜಲ ಏರಿದೆ ಅಂತಾರೆ, ಹಾಗಾದರೆ ಇನ್ನೊಂದು ಬೋರ್ ಕೊರೆಸಿ ಎರಡೂ ಎಕರೆಗೆ ಡ್ರಿಪ್ ಹಾಕಿ ಟೊಮೆಟೊ ಬೆಳೆಯಬಹುದಾ?

ಬೇಡ ಅಂತಲೇ ಹೇಳುತ್ತೇನೆ. ಟೊಮೆಟೊ ಒಂದು ಎಕರೆಗೆ ಸಾಕು, ಇನ್ನೊಂದು ರಾಗಿಗೆ ಇರಲಿ. ನಾನೂ ನಿಮ್ಮ ಹಾಗೇ, ವಾರವೆಲ್ಲ ಕೆ.ಆರ್. ಪುರದಲ್ಲಿ, ಬಿಡುವಾದರೆ ಊರಲ್ಲಿ. ನಮ್ಮೂರೂ ಆ ಕಡೆಯದೇ.

ಮೊದಲು ಹಳೇ ಬೋರ್ ಅಳೆಯಿರಿ. 'ಎರಡಿಂಚು ನೀರಿದೆ' ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ, ಅದನ್ನು ನಂಬಿ ಗಿಡ ನೆಡಬೇಡಿ. ನಮ್ಮ ಚಿಕ್ಕಪ್ಪ ಮೋಟರ್ ಆನ್ ಮಾಡಿದ ತಕ್ಷಣ ಅಳೆಯುವುದಿಲ್ಲ. ಮೊದಲು ಬರುವುದು ರಾತ್ರಿಯೆಲ್ಲ ಬೋರ್ ಒಳಗೆ ನಿಂತ ನೀರು, ಅದು ಜೋರಾಗಿಯೇ ಬರುತ್ತದೆ. ಎರಡು ಮೂರು ಗಂಟೆ ಓಡಿಸಿ, ಆಮೇಲೆ 200 ಲೀಟರ್ ಡ್ರಮ್ ಅನ್ನು ಪೈಪಿನ ಬಾಯಿಗಿಟ್ಟು ಮೊಬೈಲ್‌ನಲ್ಲಿ ಟೈಮ್ ನೋಡುತ್ತಾರೆ. ಅದೂ ಏಪ್ರಿಲ್‌ನಲ್ಲಿ. ನವೆಂಬರ್‌ನಲ್ಲಿ ಅಳೆದರೆ ಎಲ್ಲರ ಬೋರೂ ಚೆನ್ನಾಗೇ ಇರುತ್ತದೆ!

4 ನಿಮಿಷಕ್ಕೆ ಡ್ರಮ್ ತುಂಬಿತು ಅಂದುಕೊಳ್ಳಿ. ಗಂಟೆಗೆ 3,000 ಲೀಟರ್ ಆಯಿತು. ತ್ರೀ ಫೇಸ್ ಕರೆಂಟ್ 7 ಗಂಟೆ ಸಿಕ್ಕಿದರೆ ದಿನಕ್ಕೆ 21,000 ಲೀಟರ್. ಈಗ ಗಿಡದ ಕಡೆಯಿಂದ ಲೆಕ್ಕ ಹಾಕಿ. ಒಂದು ಎಕರೆಗೆ 1 ಮಿ.ಮೀ. ನೀರು ಅಂದರೆ ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ಕಾಯಿ ತುಂಬುವ ಹೊತ್ತಿಗೆ ಟೊಮೆಟೊಗೆ ದಿನಕ್ಕೆ 4–5 ಮಿ.ಮೀ. ಬೇಕು, ಅಂದರೆ 16,000ದಿಂದ 20,000 ಲೀಟರ್. ಬೋರ್ ನೀರೆಲ್ಲ ಒಂದೇ ಎಕರೆಗೆ ಮುಗಿಯಿತು. ಕರೆಂಟ್ ಕೈಕೊಟ್ಟ ದಿನ ಅದಕ್ಕೂ ಸಾಲದು.

ಇನ್ನೊಂದು ವಿಷಯ, ಒಂದು ಎಕರೆಗೂ ಒಟ್ಟಿಗೆ ಬಿಡಲು ಆಗುವುದಿಲ್ಲ. ನಾಲ್ಕು ಅಡಿಗೊಂದು ಲ್ಯಾಟರಲ್ (ಗಿಡದ ಸಾಲಿನುದ್ದಕ್ಕೂ ಹಾಸುವ ಸಣ್ಣ ಪೈಪ್), ಅದರಲ್ಲಿ 40 ಸೆಂ.ಮೀ.ಗೊಂದು ಡ್ರಿಪ್ಪರ್ (ನೀರು ತೊಟ್ಟಿಕ್ಕುವ ಬಾಯಿ) ಅಂದರೆ ಎಕರೆಗೆ 8,000ಕ್ಕೂ ಜಾಸ್ತಿ ಡ್ರಿಪ್ಪರ್. ಒಂದೊಂದೂ ಗಂಟೆಗೆ 2 ಲೀಟರ್ ಬಿಟ್ಟರೆ ಪಂಪ್ ಸೋಲುತ್ತದೆ, ಕೊನೆ ಸಾಲಿನ ಗಿಡ ಒಣಗುತ್ತದೆ. ಆರು ಭಾಗ ಮಾಡಿ ವಾಲ್ವ್ ಹಾಕಿಸಿ, ಒಂದೊಂದಕ್ಕೂ ಒಂದು ಗಂಟೆ ಸರದಿ ಮೇಲೆ ಬಿಡಿ. ವಾಲ್ವ್ ತಿರುಗಿಸಲು ಊರಲ್ಲಿ ಯಾರಿರುತ್ತಾರೆ ಅನ್ನುವುದನ್ನು ಈಗಲೇ ಯೋಚಿಸಿ. ನಮ್ಮ ಕಡೆಯ ಬೋರ್ ನೀರು ಗಡಸು, ಡ್ರಿಪ್ಪರ್ ಬಾಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಫಿಲ್ಟರ್ ತೊಳೆಯದಿದ್ದರೆ ಮುಗಿಯಿತು. ಅಳಿಲುಗಳು ಪೈಪ್ ಕಡಿಯುವುದಂತೂ ಇದ್ದೇ ಇದೆ.

ಹೊಸ ಬೋರ್ ಬಗ್ಗೆ: ನಮ್ಮ ನೆಲ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕಿನಲ್ಲಿ ಮಾತ್ರ. ಬಿರುಕು ಸಿಕ್ಕಿದರೆ ನೀರು, ಇಲ್ಲದಿದ್ದರೆ ಎಷ್ಟು ಆಳ ಹೋದರೂ ಬರೀ ಧೂಳು. ಕೋಲಾರದಲ್ಲಿ 1,000 ಅಡಿ ದಾಟುವುದು ಈಗ ಮಾಮೂಲು. ಅಷ್ಟು ಆಳದ ನೀರಲ್ಲಿ ಫ್ಲೋರೈಡ್ ಕಾಟ ಬೇರೆ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಸರ್ಕಾರ ಗುರುತಿಸಿದ ಅಧಿಸೂಚಿತ ಪ್ರದೇಶದಲ್ಲಿ ಕೊರೆಸಲು ಅನುಮತಿಯೂ ಬೇಕು.

ಕೆ.ಸಿ. ವ್ಯಾಲಿ ನೀರು ಸುಳ್ಳಲ್ಲ. ನಾವು ಇಲ್ಲಿ ಮಾರತ್ತಹಳ್ಳಿ, ಕೋರಮಂಗಲದಲ್ಲಿ ಬಚ್ಚಲಿಗೆ ಬಿಟ್ಟ ನೀರೇ ಎರಡು ಹಂತ ಶುದ್ಧವಾಗಿ ಅಲ್ಲಿಗೆ ಹೋಗುತ್ತದೆ. ಯೋಜನೆಯ ಲೆಕ್ಕದಲ್ಲಿ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಅದೇ ವರ್ಷ ನೊರೆ ಕಾಣಿಸಿ ಕೋರ್ಟ್ ಮೆಟ್ಟಿಲೂ ಹತ್ತಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಅಲ್ಲಿಯವರು ಕೇಳುತ್ತಿರುವುದು ನ್ಯಾಯವೇ. ಆದರೆ ಅದು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸಲು ತಂದ ನೀರು, ಕೆರೆಗೆ ಮೋಟರ್ ಇಟ್ಟು ಎತ್ತಲು ಅಲ್ಲ. ನಿಮ್ಮೂರ ಕೆರೆ ಆ ಸಾಲಿನಲ್ಲಿದೆಯಾ, ನಿಮ್ಮ ಜಮೀನು ಅದಕ್ಕೆ ಎಷ್ಟು ಹತ್ತಿರ, ಮೊದಲು ಕೇಳಿ ನೋಡಿ. ಮೇಲಾಗಿ ನೀವೊಬ್ಬರೇ ಅಲ್ವಲ್ಲ, ನೀರು ಏರಿದ್ದು ಕಂಡ ಅಕ್ಕಪಕ್ಕದವರೂ ಇದೇ ಲೆಕ್ಕ ಹಾಕುತ್ತಿರುತ್ತಾರೆ.

ಡ್ರಿಪ್ ಹಾಕಿದರೆ ನೀರು ಉಳಿಯುತ್ತದೆ ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಾಲಿಗೆ ಹಾಯಿಸುವುದಕ್ಕಿಂತ ಗಿಡಕ್ಕೆ ಕಡಿಮೆ ಸಾಕು, ನಿಜ. ಆದರೆ ಉಳಿದ ನೀರನ್ನು ನೆಲದಲ್ಲಿ ಬಿಡುವವರು ಯಾರು? 10 ಎಚ್‌ಪಿ ವರೆಗೆ ಪಂಪ್‌ಸೆಟ್ ಕರೆಂಟ್ ಫ್ರೀ. ಉಳಿದ ನೀರಿಗೆ ಪಕ್ಕದ ಖುಷ್ಕಿಗೂ (ಮಳೆ ನಂಬಿದ ಜಮೀನಿಗೂ) ಪೈಪ್ ಎಳೆಯುತ್ತೇವೆ. ನೀವು ಈಗ ಕೇಳುತ್ತಿರುವುದೂ ಅದೇ.

ಎರಡನೇ ಎಕರೆಗೆ ಮಳೆ ನಂಬಿ. ಕೋಲಾರದ ಕಡೆ ವರ್ಷಕ್ಕೆ ಸುಮಾರು 750 ಮಿ.ಮೀ. ಅಂದರೆ ಎಕರೆ ಮೇಲೆ 30 ಲಕ್ಷ ಲೀಟರ್ ಬೀಳುತ್ತದೆ. ಜುಲೈನಲ್ಲಿ ಜಿಪಿಯು-28 ತಳಿಯ ರಾಗಿ ಬಿತ್ತಿ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಕ್ಕಡಿ (ನಡುವಿನ ಬೆಳೆ) ಹಾಕಿ. ನಡುವೆ ಮಳೆ ಕೈಕೊಡುವುದಕ್ಕೆ ಕೃಷಿ ಹೊಂಡ ಇರಲಿ. 12 ಮೀಟರ್ ಉದ್ದಗಲ, 3 ಮೀಟರ್ ಆಳ, ಬದಿಗಳನ್ನು ಇಳಿಜಾರಾಗಿ ತೋಡಿದರೆ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ತೆನೆ ಬರುವಾಗ ಬಾಡಿದ ರಾಗಿಗೆ ಒಂದು ಸಲ ಚೆನ್ನಾಗಿ ಹಾಯಿಸಲು ಅಷ್ಟು ಸಾಕು. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೀರು ಇಂಗಿ ಹೋಗುತ್ತದೆ. ಹೊಂಡ ತೋಡಿದ ದಿನವೇ ಸುತ್ತ ತಂತಿಬೇಲಿಯನ್ನೂ ಹಾಕಿಸಿ, ಮಕ್ಕಳು ಇಳಿದರೆ ಆ ಹಾಳೆ ಮೇಲೆ ಕಾಲು ಜಾರುತ್ತದೆ, ಮೇಲೆ ಹತ್ತಲು ಆಗುವುದಿಲ್ಲ.