ಸೈಕಿಯಾಟ್ರಿ ನರ್ಸಿಂಗ್ ತಗೊಂಡರೆ ಮುಂದೆ ದಾರಿ ಇದೆಯಾ?

ಬಿ.ಎಸ್ಸಿ ನರ್ಸಿಂಗ್ ಆಗಿದೆ, ಪುಣೆಯಲ್ಲಿ ಎರಡು ವರ್ಷ ಐಸಿಯು ಡ್ಯೂಟಿ ಮಾಡಿದ್ದೀರಿ, ಎಂ.ಎಸ್ಸಿಗೆ ಸೈಕಿಯಾಟ್ರಿ ತಗೊಂಡು ವಯಸ್ಸಾದವರ ಜೊತೆ ಕೆಲಸ ಮಾಡೋ ಆಸೆ, ಆದರೆ ಮನೆಯವರು 'ಹುಚ್ಚಾಸ್ಪತ್ರೆ ಸಿಸ್ಟರ್ ಆಗ್ತೀಯಾ' ಅಂತಿದ್ದಾರೆ ಎಂದು ಬರೆದಿದ್ದೀರಿ.

ದಾರಿ ಖಂಡಿತ ಇದೆ. ನಾನು ಧಾರವಾಡದವಳು, ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಇದನ್ನೇ ಓದಿ, ಇದನ್ನೇ ಕಲಿಸುತ್ತಾ ಈಗ ಒಂದು ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲೆ. ನನಗೆ ಯೆರವಡಾದ ಮನೋರೋಗ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಅಂದಾಗ ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು.

ಎಂ.ಎಸ್ಸಿಗೆ ಬೇಕಾದ ಒಂದು ವರ್ಷದ ಅನುಭವ ನಿಮಗಾಗಲೇ ಇದೆ. ಕೋರ್ಸ್ ಎರಡು ವರ್ಷ. ಆಮೇಲೆ ಪಾಠ ಮಾಡಬಹುದು, ಆಸೆಯಿದ್ದರೆ ಪಿಎಚ್‌ಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಮಾನಸಿಕ ಆರೋಗ್ಯ ನರ್ಸ್‌ಗೂ ಒಂದು ಸದಸ್ಯ ಸ್ಥಾನ ಇಟ್ಟಿದೆ. ಇದನ್ನು ಮನೆಯವರಿಗೆ ಹೇಳಿ.

ಆದರೆ ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿದ್ದು ಒಬ್ಬ ಅಜ್ಜಿ. ವಿಜಯಪುರದ ಕಡೆಯವರು, ಮಗನ ಮನೆಗೆ ಬಂದಾಗ ಬಿದ್ದು ಸೊಂಟದ ಮೂಳೆ ಮುರಿದು ಒಂದು ಖಾಸಗಿ ಆಸ್ಪತ್ರೆ ಸೇರಿದ್ದರು. ಕೇಸ್ ಶೀಟಿನಲ್ಲಿ 'ಡಿಮೆನ್ಷಿಯಾ' (ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ) ಎಂದಿತ್ತು. ನನ್ನ ವಿದ್ಯಾರ್ಥಿನಿ ಅದನ್ನೇ ಕೇರ್ ಪ್ಲಾನಿಗೆ ಇಳಿಸಿದ್ದಳು, ನಾನೂ ಸಹಿ ಹಾಕಿದ್ದೆ. 'ಆಜ್ ಕೋಣ್ತಾ ವಾರ್?' ಎಂದು ಮರಾಠಿಯಲ್ಲಿ ಕೇಳಿದರೆ ಅಜ್ಜಿ ಗೋಡೆ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಹಾಸಿಗೆ ಪಕ್ಕ ಕೂತು, 'ಅಜ್ಜಿ, ಇವತ್ತ ಯಾವ ವಾರ್ರೀ?' ಅಂದೆ.

'ಗುರುವಾರ. ನನ್ನ ಕೂಡ ಯಾರೂ ಮಾತಾಡವಲ್ರು.'

ಅದೇ ಅಜ್ಜಿ ರಾತ್ರಿ ಡ್ರಿಪ್ ಕಿತ್ತುಹಾಕಿ, ಇಲ್ಲದ ಎಮ್ಮೆಯನ್ನು ಹಟ್ಟಿಗೆ ಕರೆಯುತ್ತಿದ್ದರು. ಡಿಮೆನ್ಷಿಯಾ ಹಾಗಲ್ಲ, ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಒಂದೆರಡು ದಿನದಲ್ಲಿ ಶುರುವಾಗಿ, ಬೆಳಿಗ್ಗೆ ತಿಳಿಯಾಗಿ ರಾತ್ರಿ ಕದಡಿದರೆ ಅದು ಡೆಲಿರಿಯಂ, ಅಂದರೆ ದಿಢೀರನೆ ಬರುವ ಮನಸ್ಸಿನ ಗೊಂದಲ ಇರಬಹುದು, ಅದಕ್ಕೆ ದೇಹದಲ್ಲಿ ಕಾರಣ ಹುಡುಕಬೇಕು. ಡಾಕ್ಟರಿಗೆ ಹೇಳಿ ಮೂತ್ರ ಪರೀಕ್ಷೆ ಮಾಡಿಸಿದೆವು. ಸೋಂಕು ಇತ್ತು. ಔಷಧಿ ಕೊಟ್ಟ ಐದನೇ ದಿನ ಅಜ್ಜಿ ನನ್ನ ತವರಿನ ಮನೆತನ ವಿಚಾರಿಸಿದರು. ಹಗಲೂ ರಾತ್ರಿ ರೋಗಿಯ ಜೊತೆ ಇರುವವರು ನರ್ಸ್‌ಗಳು ಮಾತ್ರ, ಈ ಏರಿಳಿತ ಕಾಣುವುದೂ ಅವರಿಗೇ. ಇವತ್ತಿಗೂ ವಾರಕ್ಕೆರಡು ದಿನ ಕಚೇರಿ ಬಿಟ್ಟು ವಾರ್ಡಿಗೆ ಹೋಗುತ್ತೇನೆ. ಆ ಸಹಿ ಮರೆತಿಲ್ಲ.

ಕೆಲಸಕ್ಕಂತೂ ಬರವಿಲ್ಲ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಬಂತು. ಗೋವಾದಲ್ಲಿ ಇಂಥ 81 ಕುಟುಂಬಗಳೊಡನೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು: ತರಬೇತಿ ಪಡೆದ ಸ್ಥಳೀಯರು ಮನೆಗೇ ಹೋಗಿ ಸಲಹೆ ಕೊಟ್ಟಾಗ ಆರೈಕೆ ಮಾಡುವವರ ಮನಸ್ಸಿನ ಭಾರ ಇಳಿದಿತ್ತು. ಹಾಗೆ ತರಬೇತಿ ಕೊಡಬಲ್ಲವರು ನಮಗೆ ಬೇಕು.

ಸೀಟು ಹುಡುಕುವಾಗ ಕಟ್ಟಡ ನೋಡಬೇಡಿ, ಕ್ಲಿನಿಕಲ್ ಪೋಸ್ಟಿಂಗ್ ಎಲ್ಲಿ, ಎಷ್ಟು ವಾರ ಅಂತ ಕೇಳಿ. ವೃದ್ಧರ ವಾರ್ಡಿಗೆ ಕಳಿಸದ ಕಾಲೇಜಾದರೆ ಬಿಟ್ಟುಬಿಡಿ.