ಸ್ವಂತ ಉಳಿತಾಯ ಸಾಲದು
ಪ್ರತಿಯೊಬ್ಬರೂ ತಮ್ಮ ಮುಪ್ಪಿಗೆ ತಾವೇ ಉಳಿಸಿಕೊಂಡರೆ ಸರ್ಕಾರಿ ಪಿಂಚಣಿ ಏಕೆ ಬೇಕು ಎಂದು ಕೇಳಿದ್ದೀರಿ. ಚಿಲಿ 1981ರಲ್ಲಿ ಇದೇ ದಾರಿ ಹಿಡಿಯಿತು: ಕಾರ್ಮಿಕರು ಸಂಬಳದ ಶೇ 10ರಷ್ಟನ್ನು ಖಾಸಗಿ ಕಂಪನಿಗಳು ನಿರ್ವಹಿಸುವ ಸ್ವಂತ ಖಾತೆಗೆ ಕಟ್ಟಬೇಕು. ಮಕ್ಕಳನ್ನು, ಹಿರಿಯರನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಹೆಂಗಸರು, ದಿನಗೂಲಿಯವರು, ಬೀದಿ ವ್ಯಾಪಾರಿಗಳು ಕಂತು ಕಟ್ಟಲಾದದ್ದೇ ಕಡಿಮೆ, ಕೊನೆಗೆ ಕೈಗೆ ಬಂದದ್ದೂ ಅಷ್ಟೇ. 2008ರಲ್ಲಿ ಸರ್ಕಾರವೇ ತೆರಿಗೆ ಹಣದಿಂದ ಬಡ ವೃದ್ಧರಿಗೆ ಮೂಲ ಪಿಂಚಣಿ ಕೊಡಬೇಕಾಯಿತು. ನ್ಯೂಜಿಲೆಂಡ್‌ನಲ್ಲಿ ಕಂತಿನ ಲೆಕ್ಕವೇ ಇಲ್ಲ. ನಿಗದಿತ ಕಾಲ ಅಲ್ಲಿ ನೆಲೆಸಿ 65 ತುಂಬಿದರೆ ಸಾಕು.

ಉಳಿತಾಯ ಖಂಡಿತ ಇರಲಿ, ಆದರೆ ಎಲ್ಲರಿಗೂ ಸಿಗುವ ಮೂಲ ಪಿಂಚಣಿಯ ಜೊತೆಗೆ. ಮನೆಯೊಳಗಿನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ವ್ಯವಸ್ಥೆಯನ್ನು ನಾನು ನ್ಯಾಯವೆಂದು ಒಪ್ಪಲಾರೆ. ಜರ್ಮನಿಯಲ್ಲಿ ಮಗುವನ್ನು ಸಾಕಿದ ವರ್ಷಗಳೂ ಪಿಂಚಣಿಗೆ ಸೇರುತ್ತವೆ.